ಕೌದಿ ಸಂಘಕ್ಕೆ ನಾನು ಮಾಡಿದ ಪ್ರಚಾರ

ನನ್ನ ಹೆಂಡತಿ ಗಿರಿಜಾಳ ಕೌದಿ ಸಂಘವನ್ನು ಜಗತ್ತಿಗೆಲ್ಲ ಪರಿಚಯಿಸಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟ ದಿನ ಯಾದಗಿರಿಯಲ್ಲಿ ಬಿಸಿಲು ಜೋರಾಗಿತ್ತು. ತಲೆಗೆ ಟವೆಲ್ಲು ಕೂಡ ಸುತ್ತಿಕೊಳ್ಳದೆ ಊರೆಲ್ಲ ತಿರುಗಿದ್ದೆ. ಮುಂದೆ ನಡೆದದ್ದಕ್ಕೆಲ್ಲ ಆ ಬಿಸಿಲೇ ಕಾರಣ ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಗಿರಿಜಾ ಒಪ್ಪುವುದಿಲ್ಲ. "ಬಿಸಲು ಬೀಳೂಕಿಂತ ಮೊದ್ಲೂ ನೀವು ಹಿಂಗೇ ಇದ್ರಿ" ಅನ್ನುತ್ತಾಳೆ.

ಗಿರಿಜಾ ರಾಮಸಮುದ್ರದ ಶಾಲೆಯಲ್ಲಿ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ, ತನ್ನ ಹಳೆಯ ವಿದ್ಯಾರ್ಥಿಗಳ ಅವ್ವಂದಿರನ್ನೂ ಅಜ್ಜಿಯರನ್ನೂ ಕೂಡಿಸಿ ಒಂದು ಸಂಘ ಕಟ್ಟಿದಳು. ಹಳೆಯ ಹತ್ತಿ ಸೀರೆಗಳನ್ನು ಪದರ ಪದರ ಜೋಡಿಸಿ ಪುಟ್ಟ ಪುಟ್ಟ ಕೌದಿ ಹೊಲಿಯುವುದು, ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಬಾಣಂತಿಯರ ಕೂಸುಗಳಿಗೆ ಅದನ್ನು ಹೊದಿಸಿ ಬರುವುದು. ಇಷ್ಟೇ ಅವರ ಕೆಲಸ. ಬೇಕಾದದ್ದು ಹಳೇ ಸೀರೆ ಮಾತ್ರ. ಆದರೆ ಈಗ ಯಾರ ಮನೆಯ ಟ್ರಂಕು ತೆಗೆದರೂ ಪಾಲಿಸ್ಟರೇ. ಪಾಲಿಸ್ಟರ್ ಕೌದಿಯಲ್ಲಿ ಸುತ್ತಿದರೆ ನಮ್ಮ ಕಡೆಯ ಸೆಕೆಗೆ ಕೂಸು ಬೆಂದೇ ಹೋಗುತ್ತದೆ! ಹೀಗಾಗಿ ಸಂಘ ಸೀರೆಗಾಗಿ ಬಾಯಿಬಾಯಿ ಬಿಡುತ್ತಿತ್ತು.

ನಾನು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಕೌದಿಯ ಬಗ್ಗೆ ನನಗೆ ತಿಳಿದಿದ್ದು ಅದರೊಳಗೆ ಮಲಗುವುದಷ್ಟೇ. ಆದರೂ ಯಾರೂ ಕೇಳದೆಯೇ ಸಂಘದ ಪ್ರಚಾರ ಮಂತ್ರಿಯ ಹುದ್ದೆಯನ್ನು ಸ್ವತಃ ಸೃಷ್ಟಿಸಿ, ಸ್ವತಃ ಅಲಂಕರಿಸಿದೆ. ಅದಕ್ಕೆ ಸರಿಯಾಗಿ ನಮ್ಮೂರಿನ ಸಭಾಭವನದಲ್ಲಿ ಒಂದು ದಿನದ ತರಬೇತಿ ಏರ್ಪಾಡಾಯಿತು. ಸಂಘ ಸಂಸ್ಥೆಗಳು ಸಾಮಾಜಿಕ ಜಾಲತಾಣಗಳ ಮೂಲಕ ಬೆಂಬಲಿಗರನ್ನು ತಲುಪುವುದು ಹೇಗೆ ಎಂಬುದು ವಿಷಯ. ಮಧ್ಯಾಹ್ನದ ಊಟವೂ ಉಂಟು ಎಂದು ತಿಳಿದ ಮೇಲೆ ನನ್ನ ಸಮಾಜಸೇವೆಯ ಹುಮ್ಮಸ್ಸು ಇಮ್ಮಡಿಯಾಯಿತು.

ಪಾಠ ಹೇಳಲು ಬಂದವನು ಬಿಗಿ ಪ್ಯಾಂಟಿನ, ಚುರುಕು ಮಾತಿನ ತರುಣ. "ನೂರು ಮಾತು ಬೇಡ ಸರ್, ಒಂದು ಮುಖ ಸಾಕು. ಮುಖ ತೋರಿಸಿ, ಕಥೆ ಹೇಳಿ, ನೋಡಿದವರ ಮನಸ್ಸು ಕರಗಬೇಕು!" ಎಂದ. ನಾನು ಮೊದಲ ಸಾಲಿನಲ್ಲಿ ಕೂತು ತಲೆದೂಗಿದೆ. ಆಮೇಲೆ ಊಟ ಬಂತು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊಟದ ನಂತರವೂ ಅವನು ಬಹಳ ಹೊತ್ತು ಏನೋ ಹೇಳಿದ. ನಾನು ಆಗಲೂ ತಲೆದೂಗುತ್ತಲೇ ಇದ್ದೆನಂತೆ. ಆದರೆ ಕಣ್ಣು ಮುಚ್ಚಿತ್ತಂತೆ. ಯಾರದೇ ಫೋಟೊ ಹಾಕುವ ಮೊದಲು ಅವರ ಒಪ್ಪಿಗೆ ಕೇಳಬೇಕು, ಅವರ ಮಾನಕ್ಕೆ ಕುಂದು ಬರುವಂತೆ ಬರೆಯಬಾರದು ಎಂಬ ಪಾಠ ಆಗಲೇ ನಡೆಯಿತೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಮನೆಗೆ ಬಂದವನೇ ಸಂಘದ ಹೆಸರಿನಲ್ಲಿ ಫೇಸ್‌ಬುಕ್ ಪುಟ ತೆರೆದೆ. ಮೊದಲ ಬರಹ ಹೀಗಿತ್ತು: "ಸರ್ವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೇಲ್ಕಾಣಿಸಿದ ಸಂಘಕ್ಕೆ ಹಳೆಯ ಹತ್ತಿ ಸೀರೆಗಳ ಅವಶ್ಯಕತೆ ಇರುತ್ತದೆ. ಆಸಕ್ತರು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು." ಜೊತೆಗೆ ಸಂಘದ ಬೋರ್ಡಿನ ಫೋಟೊ. ಬೋರ್ಡಿನ ಪಕ್ಕದಲ್ಲಿ ನಾನು.

ಯಾರೂ ಸೂಕ್ತ ಕ್ರಮ ಕೈಗೊಳ್ಳಲಿಲ್ಲ! ಒಂದು ಲೈಕು ನನ್ನದು. ಇನ್ನೊಂದು ಗಿರಿಜಾಳ ಫೋನಿನಿಂದ ನಾನೇ ಒತ್ತಿದ್ದು. ಮತ್ತೊಂದು ಶಹಾಪುರದಲ್ಲಿರುವ ನನ್ನ ಷಡ್ಡಕನದು. ಅವನು ಲೈಕಿನ ಬದಲು ಸಿಟ್ಟಿನ ಮುಖ ಒತ್ತಿದ್ದ. ಫೋನ್ ಮಾಡಿ ಕೇಳಿದೆ.

"ಅಲ್ರಿ, ಸಿಟ್ಟಿನ ಮಾರಿ ಯಾಕ ಒತ್ತೀರಿ?"

"ಅದು ಸಿಟ್ಟಿಂದೇನು? ಕೆಂಪಗ ಛಂದ ಕಾಣ್ತು, ಒತ್ತೀನಿ."

ಆಗ ತರಬೇತಿಯ ಮಾತು ನೆನಪಾಯಿತು. ಮುಖ ಬೇಕು! ನನ್ನದಲ್ಲದ ಮುಖ!

ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು ರಾಮಸಮುದ್ರದ ಶರಣಮ್ಮ. ಆಕೆಯ ಕೈಯ ಹೊಲಿಗೆ ಎಂದರೆ ಇರುವೆ ಸಾಲು ಹೊರಟ ಹಾಗೆ. ಆಕೆಯದೊಂದು ಪದ್ಧತಿಯಿತ್ತು. ಕೌದಿಯ ಕೊನೆಯ ಮೂಲೆ ಹೊಲಿದು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡುತ್ತಿದ್ದಳು. "ಇರಬಿ ಬರ್ತಾವಲ್ಲ ಶರಣಮ್ಮಕ್ಕ" ಎಂದು ನಾನೊಮ್ಮೆ ಆಕ್ಷೇಪಣೆ ಸಲ್ಲಿಸಿದ್ದೆ. "ಬರ್ಲಿ ಬಿಡ್ರಿ ಸರ್. ಕೌದಿ ಹೊಟ್ಟಿ ಖಾಲಿ ಇರಬಾರ್ದು. ಹಸಿದ ಕೌದಿ ಹೊಚ್ಚಿದ್ರ ಕೂಸಿಗಿ ಎಲ್ಲಿ ನಿದ್ದಿ ಬರ್ತದ?" ಅಂದಿದ್ದಳು.

ಆ ಶರಣಮ್ಮನ ಮುಖವನ್ನೇ ಜಗತ್ತಿಗೆ ತೋರಿಸುವುದೆಂದು ತೀರ್ಮಾನಿಸಿ ಸ್ಕೂಟರು ಹತ್ತಿದೆ. ಗಿರಿಜಾ ಆಗ ಊರಲ್ಲಿರಲಿಲ್ಲ. ತಂಗಿಯ ಮಗಳ ಬಾಣಂತನಕ್ಕೆ ಶಹಾಪುರಕ್ಕೆ ಹೋಗಿದ್ದಳು. ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಶರಣಮ್ಮಕ್ಕ, ನಿಮ್ಮದೊಂದು ಫೋಟೊ ಬೇಕಾಗಿತ್ತು" ಎಂದೆ. ಆಕೆ ಕುಣಿದಾಡಿದಳು. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದವಳು ಬರಲೇ ಇಲ್ಲ. ಚಹಾ ಬಂತು, ಚುರುಮುರಿ ಬಂತು, ಶರಣಮ್ಮ ಮಾತ್ರ ಬರಲಿಲ್ಲ. ಕೊನೆಗೆ ಬಂದಾಗ ಗುರುತು ಸಿಗಲಿಲ್ಲ. ಇಳಕಲ್ ಸೀರೆ, ಕೊರಳಲ್ಲಿ ಬೋರಮಾಳ, ಕೈತುಂಬ ಪಾಟ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆ. ಗೋಡೆಗೆ ಬೆನ್ನು ಹಚ್ಚಿ ಬಿಗಿಯಾಗಿ ನಿಂತಳು.

"ಇಷ್ಟೆಲ್ಲ ಚಿನ್ನ ಬ್ಯಾಡ ಶರಣಮ್ಮಕ್ಕ. ಸಾದಾ ಇರ್ರಿ."

"ಯಾಕ್ರಿ ಸರ್? ಫೋಟೊ ಅಂದ್ರ ಮಂದಿ ನೋಡ್ತಾರ. ಖಾಲಿ ಕೊಳ್ಳಾಗ ನಿಂದರ್ಲೇನು?"

"ಹೋಗ್ಲಿ. ಮಾರಿ ಸ್ವಲ್ಪ ದುಃಖದಾಗ ಇರ್ಲಿ."

"ದುಃಖ? ಯಾವ್ದು?"

"ಯಾವ್ದರ ಒಂದು."

ಶರಣಮ್ಮ ಪ್ರಾಮಾಣಿಕವಾಗಿ ಹುಡುಕಿದಳು. "ಎಮ್ಮಿ ಈದದ, ಹೆಣ್ಣ ಕರ. ಮಾಳಪ್ಪ ಮನಿಮುಂದ ಹೊಸ ತಗಡಿನ ಪತ್ರಾಸ ಹಾಕ್ಯಾನ. ಮೊಮ್ಮಗಳು ಭಾಗ್ಯಾಂದು ಸುರಪುರದಾಗ ಗಟ್ಟಿ ಆಗ್ಯಾದ, ಮುಂದಿನ ತಿಂಗಳ ಲಗ್ನ. ಈಗ ದುಃಖ ಎಲ್ಲಿಂದ ತರ್ಲಿರಿ ಸರ್?"

ಮಾಳಪ್ಪ ಅಂದರೆ ಆಕೆಯ ಮಗ, ಭಾಗ್ಯಳ ತಂದೆ. ಇಂಥ ಸುಖೀ ಸಂಸಾರದಿಂದ ಸಂಘಕ್ಕೆ ಏನೂ ಪ್ರಯೋಜನವಿಲ್ಲ ಎಂದು ನನಗೆ ಬೇಸರವಾಯಿತು. ಒಂದು ಬಿಗಿ ಫೋಟೊ ತೆಗೆದ ಶಾಸ್ತ್ರ ಮಾಡಿ, ಊರಲ್ಲಿ ಇನ್ನಾವುದಾದರೂ ದುಃಖ ಸಿಕ್ಕೀತೇ ಎಂದು ಓಣಿ ಓಣಿ ಸುತ್ತಿದೆ. ಎಲ್ಲರೂ ಫೋಟೊ ಅಂದ ಕೂಡಲೇ ಸೀರೆ ಬದಲಿಸಲು ಒಳಗೆ ಓಡುತ್ತಿದ್ದರು. ಸೋತು ಸ್ಕೂಟರಿನ ಕಡೆ ಬರುವಾಗ ಶರಣಮ್ಮನ ಹಿತ್ತಲು ಕಣ್ಣಿಗೆ ಬಿತ್ತು.

ಆಕೆ ಚಿನ್ನ ತೆಗೆದಿಟ್ಟು, ಹರಕು ಸೀರೆ ಉಟ್ಟು, ಲಗ್ನದ ಅಡುಗೆಗೆ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಘಾಟಿಗೆ ಎರಡೂ ಕಣ್ಣಲ್ಲಿ ಧಾರಾಕಾರ ನೀರು! ತಲೆ ಕೆದರಿತ್ತು. ಸೆರಗಿನ ತುದಿ ಬಾಯಲ್ಲಿತ್ತು. ತರಬೇತಿಯ ತರುಣ ಹೇಳಿದ ಮುಖ ಇದೇ!

ಗೋಡೆಯಾಚೆಯಿಂದ ಮೆತ್ತಗೆ ಫೋನ್ ಎತ್ತಿ ಕ್ಲಿಕ್ಕಿಸಿದೆ. ಅದು ಖಾರದ ಕಣ್ಣೀರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತೆಗೆದೆ. ಮನೆಗೆ ಬಂದು ನೋಡಿದರೆ ಮೂಲೆಯಲ್ಲಿ ಮೆಣಸಿನಕಾಯಿಯ ಕೆಂಪು ಎದ್ದು ಕಾಣುತ್ತಿತ್ತು. ಅದಕ್ಕೂ ನನ್ನ ಬಳಿ ಉಪಾಯವಿತ್ತು. ಫೋಟೊವನ್ನು ಕಪ್ಪು ಬಿಳುಪು ಮಾಡಿದೆ!

ಕೆಳಗೆ ಹೀಗೆ ಬರೆದೆ: "ರಾಮಸಮುದ್ರದ ಶರಣಮ್ಮ. ಎರಡು ಹೊತ್ತಿನ ಕೂಳಿಗೂ ಗತಿಯಿಲ್ಲದ ಈ ತಾಯಿಯ ಕಣ್ಣೀರು ಒರೆಸುವವರು ಯಾರು? ಆದರೂ ಈಕೆ ಬಡ ಕೂಸುಗಳಿಗೆ ಕೌದಿ ಹೊಲಿಯುತ್ತಾಳೆ. ನಿಮ್ಮ ಮನೆಯ ಒಂದು ಹಳೆಯ ಸೀರೆ ಕೊಡಲಾರಿರಾ?" ಓದಿ ನಾನೇ ತಲೆದೂಗಿದೆ. ನನ್ನ ಬರವಣಿಗೆಗೆ ನಾನೇ ಮರುಳಾದೆ.

ಆಮೇಲೆ ಫೋನು ಹುಚ್ಚು ಹಿಡಿದ ಹಾಗೆ ಗುಂಯ್‌ಗುಡಲು ಶುರುವಾಯಿತು. ಕಂಡು ಕೇಳರಿಯದ ಊರುಗಳಿಂದ ಜನ "ಅಮ್ಮಾ" ಎಂದು ಗೋಳಾಡಿದರು. ಯಾರೋ ಪುಣ್ಯಾತ್ಮ ಫೋಟೊಕ್ಕೆ ಕೊಳಲಿನ ದುಃಖದ ರಾಗ ಜೋಡಿಸಿ ವಾಟ್ಸಾಪಿಗೆ ಬಿಟ್ಟ. ಪಕ್ಕದ ಮನೆಯ ಮಾಸ್ತರರು ಬಂದು, "ನಿಮ್ಮ ಫೋಟೊ ನೋಡಿ ನಮ್ಮನಿಯಾಕಿ ಊಟ ಬಿಟ್ಟಾಳ್ರಿ, ನನಗೂ ಕೊಟ್ಟಿಲ್ಲ" ಎಂದು ಅಭಿನಂದಿಸಿ ಹೋದರು. ಸೀರೆಗಳೂ ಬಂದವು, ನಿಜ. ಸೀರೆಗಳ ನಡುವೆ ಒಂದು ಪೊಟ್ಟಣದಲ್ಲಿ ಕಣ್ಣಿಗೆ ಹಾಕುವ ಹನಿ ಔಷಧಿಯೂ ಇತ್ತು. ನಾನು ಕನ್ನಡಿಯ ಮುಂದೆ ನಿಂತು ಮೀಸೆ ನೇವರಿಸಿಕೊಂಡೆ.

ಗಿರಿಜಾಳ ಫೋನ್ ಬಂತು.

"ಏನ್ರಿ, ಶರಣಮ್ಮಗ ಏನ್ ಮಾಡೀರಿ?"

"ಪ್ರಚಾರ ಮಾಡೀನಿ!"

"ನಮ್ಮ ತಂಗಿ ಫೋನಿನ್ಯಾಗ ತೋರ್ಸಿದ್ಲು. ಎಂದೂ ಅಳದಾಕಿ ಅಳಾಕತ್ಯಾಳಲ್ರಿ. ಯಾರ್ ಸತ್ತಾರ?"

"ಯಾರೂ ಸತ್ತಿಲ್ಲ. ಮೆಣಸಿನಕಾಯಿ."

"ಸುರಪುರದ ಬೀಗರು ನೋಡಿದ್ರ ಏನ್ ಅನ್ಕೋತಾರ?" ಎಂದು ಮೆಲ್ಲಗೆ ಕೇಳಿದಳು. ಸಂಘಕ್ಕೆ ಸುರಪುರದಲ್ಲೂ ಬೆಂಬಲಿಗರು ಸಿಕ್ಕಾರು ಎಂದು ನಾನು ಉತ್ಸಾಹದಿಂದ ಉತ್ತರಿಸಿದೆ. ಫೋನ್ ಕಟ್ಟಾಯಿತು.

ಬೀಗರು ನೋಡಿದ್ದರು. ಅದನ್ನು ತಿಳಿಸಲು ಮಾಳಪ್ಪ ಬಂದ. ಕೂಡ್ರಿ ಎಂದರೂ ಕೂರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತ.

"ಸರ್, ನಮ್ಮವ್ವಗ ನಾ ಊಟ ಹಾಕಂಗಿಲ್ಲೇನ್ರಿ?"

ನನ್ನ ಮೀಸೆ ತಾನಾಗಿಯೇ ಇಳಿಯಿತು.

"ಗಂಡಿನ ಆಯಿ ಹೇಳಿ ಕಳಿಸ್ಯಾಳ್ರಿ. ಬಡತನ ಇದ್ರ ನಮಗ ಫಿಕರ್ ಇಲ್ಲ, ಹಡದವ್ವಗ ಕೂಳು ಹಾಕದ ಮನಿ ಹೆಣ್ಣು ಬ್ಯಾಡ ಅಂದಾಳ. ಭಾಗ್ಯಾ ಅಳಾಕತ್ಯಾಳ. ನೀವು ಬರದಿದ್ದು ಆಕೀನೇ ಓದಿ ಹೇಳ್ಯಾಳ. ಕೇಳಿದಾಗಿಂದ ಅವ್ವ ಬಾಯಿ ಬಿಟ್ಟಿಲ್ರಿ."

ಅವನು ಜಗಳವಾಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ನಾನೂ ಎರಡು ಮಾತು ಆಡಿ ಸಿಟ್ಟಾಗಬಹುದಿತ್ತು. ಅವನು ನೀರು ಕೂಡ ಕುಡಿಯದೆ ಹೋದ. ಕೌದಿಯ ಹೊಟ್ಟೆಯನ್ನೂ ಖಾಲಿ ಬಿಡದ ಹೆಂಗಸಿಗೆ ಕೂಳಿಗೆ ಗತಿಯಿಲ್ಲ ಎಂದು ಊರಿಗೆಲ್ಲ ಡಂಗುರ ಹೊಡೆದವನು ನಾನು. ನಾಚಿಕೆಯಾಯಿತು. ಮುಖ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಇಲ್ಲಿಗಾದರೂ ಸುಮ್ಮನಿರಬೇಕಿತ್ತು. ಆದರೆ ಪ್ರಚಾರ ಮಂತ್ರಿ ಸುಮ್ಮನಿರುತ್ತಾನೆಯೇ? ಮೊದಲು ಫೋಟೊ ಅಳಿಸಿದೆ. ನನ್ನ ಪುಟದಿಂದ ಹೋಯಿತು, ಮಂದಿಯ ಫೋನಿನಿಂದ ಹೋಗಲಿಲ್ಲ. ಕೊಳಲಿನ ರಾಗ ಇನ್ನೂ ಊರೂರು ತಿರುಗುತ್ತಿತ್ತು. ಆಗ ಒಂದು ಅಧಿಕೃತ ಸ್ಪಷ್ಟೀಕರಣ ಹೊರಡಿಸಿದೆ: "ಸದರಿ ಮಹಿಳೆಗೆ ಊಟೋಪಚಾರದ ಯಾವುದೇ ಕೊರತೆ ಇರುವುದಿಲ್ಲ. ಚಿತ್ರದಲ್ಲಿ ಕಂಡುಬರುವ ಕಣ್ಣೀರಿಗೆ ಮೆಣಸಿನಕಾಯಿ ಕಾರಣವಾಗಿರುತ್ತದೆ. ಸಾರ್ವಜನಿಕರು ಸಹಕರಿಸಬೇಕು."

ಸಾರ್ವಜನಿಕರು ಸಹಕರಿಸಿದರು! "ಬಡ ಮುದುಕಿಯ ಕಣ್ಣಿಗೆ ಖಾರ ಎರಚಿ ಫೋಟೊ ತೆಗೆದ ದುಷ್ಟ ಇವನೇ" ಎಂದು ಒಬ್ಬ ಬರೆದ. ಬೋರ್ಡಿನ ಪಕ್ಕ ನಿಂತ ನನ್ನ ಹಳೇ ಫೋಟೊ ಹುಡುಕಿ ತೆಗೆದು ಇನ್ನೊಬ್ಬ ಅಂಟಿಸಿದ. ಯಾರೂ ಲೈಕು ಮಾಡದ ಆ ಫೋಟೊಕ್ಕೆ ಈಗ ಎಲ್ಲಿಲ್ಲದ ಬೇಡಿಕೆ. ನನ್ನ ಷಡ್ಡಕ ಮತ್ತೆ ಕೆಂಪು ಮುಖ ಒತ್ತಿದ್ದ. ಈ ಸಲ ಛಂದ ಕಂಡಿದ್ದಕ್ಕಲ್ಲ ಎಂದು ಆಮೇಲೆ ತಿಳಿಯಿತು.

ಗಿರಿಜಾ ಮತ್ತೆ ಫೋನ್ ಮಾಡಿದಳು. "ನಾಳಿ ಎಲ್ಲಾರೂ ಸುರಪುರಕ್ಕ ಹೋಗೂದದ. ಮಾಳಪ್ಪ, ಶರಣಮ್ಮ ಬರ್ತಾರ. ನಾ ಶಹಾಪುರದಾಗ ಬಸ್ ಹತ್ತತೀನಿ. ನೀವೂ ಬರ್ರಿ. ಬಾಯಿ ಮಾತ್ರ ಮನ್ಯಾಗ ಇಟ್ಟು ಬರ್ರಿ."

ಬಸ್ಸಿನಲ್ಲಿ ಶರಣಮ್ಮ ನನ್ನ ಮುಂದಿನ ಸೀಟಿನಲ್ಲಿದ್ದಳು. ಇಳಕಲ್ ಸೀರೆ, ಬೋರಮಾಳ, ಪಾಟ್ಲಿ, ಎಲ್ಲವೂ ಇದ್ದವು. ಹಿಂತಿರುಗಿ ನೋಡಲಿಲ್ಲ. ಶಹಾಪುರದಲ್ಲಿ ಗಿರಿಜಾ ಹತ್ತಿ ನನ್ನ ಪಕ್ಕ ಜಾಗವಿದ್ದರೂ ಅಲ್ಲಿ ಕೂರದೆ ಆಕೆಯ ಪಕ್ಕ ಕೂತಳು. ಅಷ್ಟರಲ್ಲಿ ಬಾಳೆಹಣ್ಣಿನ ಚೀಲ ಹಿಡಿದ ಒಬ್ಬಳು ಹೆಂಗಸು ಶರಣಮ್ಮನನ್ನು ದಿಟ್ಟಿಸಿ ನೋಡಿದಳು.

"ಯವ್ವಾ, ಫೋನಿನ್ಯಾಗ ಬಂದಾಕಿ ನೀನೇ ಅಲ್ಲೇನು? ತಗೋ, ಎರಡು ಬಾಳಿಹಣ್ಣು ತಿನ್ನು. ಹೊಟ್ಟಿ ಹಸಿದಿರ್ತದ."

ಮೈತುಂಬ ಚಿನ್ನ ಹೇರಿಕೊಂಡ ಶರಣಮ್ಮ ಆ ಹಣ್ಣುಗಳನ್ನು ಕೈಯಲ್ಲಿ ಹಿಡಿದು ಕೂತಳು. ಬೇಡ ಅನ್ನಲಿಲ್ಲ, ತಿನ್ನಲೂ ಇಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದಳು. ಮಾಳಪ್ಪ ತಲೆ ತಗ್ಗಿಸಿದ. ಬಸ್ಸಿನ ತಳ ಬಿರಿದು ನನ್ನನ್ನು ರಸ್ತೆಯ ಮೇಲೆ ಬೀಳಿಸಬಾರದೇ ಎಂದು ನಾನು ಬೇಡಿಕೊಂಡೆ. ಸರ್ಕಾರಿ ಬಸ್ಸು ಎಂದೂ ನಾವು ಕೇಳಿದಾಗ ಕೆಡುವುದಿಲ್ಲ.

ಸುರಪುರದ ಬೀಗರ ಅಂಗಳದಲ್ಲಿ ಜನ ಸೇರಿದ್ದರು. ನಡುವೆ ಮಂಚದ ಮೇಲೆ ಮಾಳಪ್ಪ ಹೇಳಿದ್ದ ಆ ಆಯಿ, ಗಂಡಿನ ಅಜ್ಜಿ. ಪಕ್ಕದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ ರಾಶಿ.

"ಆ ಫೋಟೊ ತಗದವ್ರು ಯಾರು?"

ನಾನು ಎದ್ದು ನಿಂತೆ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ..." ಎಂದು ಶುರು ಮಾಡುವಷ್ಟರಲ್ಲಿ ಗಿರಿಜಾ ತೋಳು ಚಿವುಟಿದಳು.

"ನಂದೇ ತಪ್ಪಾಗ್ಯಾದ್ರಿ, ಯವ್ವಾ" ಎಂದು ಕೈಮುಗಿದೆ. "ಮಾಳಪ್ಪ ಬಂಗಾರದಂಥಾ ಮಗ. ಆಕಿ ಹಸಿದು ಅತ್ತಿಲ್ಲ. ಅದು ಖಾರದ ಕಣ್ಣೀರು."

"ನಾ ಹುಟ್ಟಿದಾಗಿಂದ ಖಾರ ಕುಟ್ಟಾಕತ್ತೇನಿ" ಅಜ್ಜಿ ಕಣ್ಣು ಕಿರಿದು ಮಾಡಿದಳು. "ಖಾರಕ್ಕ ಅಷ್ಟು ನೀರು ಬರ್ತಾವೇನು? ಒಳ್ಳು ಅಲ್ಲೇ ಅದ, ಒನಕಿ ಇಲ್ಲೇ ಅದ. ಕುಟ್ಟಿ ತೋರಸ್ರಿ ನೋಡೋಣ."

ಒಂದು ಹೆಣ್ಣುಮಗಳ ಲಗ್ನ ನನ್ನ ಕಣ್ಣೀರಿನ ಮೇಲೆ ನಿಂತಿತು! ಅಂಗಿಯ ತೋಳು ಮಡಚಿ ಒನಕೆ ಹಿಡಿದೆ. ಕುಟ್ಟಿದೆ. ಕುಟ್ಟೇ ಕುಟ್ಟಿದೆ. ಬೆವರು ಬಂತು, ಏದುಸಿರು ಬಂತು, ಸೊಂಟದಲ್ಲಿ ಕಳಕ್ ಎಂದಿತು. ಕಣ್ಣಲ್ಲಿ ಮಾತ್ರ ಒಂದು ಹನಿಯಿಲ್ಲ! ಬಗ್ಗಿ ನೋಡಿದರೆ ಅದು ಬ್ಯಾಡಗಿ ಮೆಣಸಿನಕಾಯಿ. ನೋಡಲು ಕೆಂಪು, ಬಣ್ಣ ಬಹಳ, ಖಾರ ಹೆಸರಿಗೆ ಮಾತ್ರ.

"ಅಳ್ರಿ!" ಎಂದು ಗಿರಿಜಾ ಪಿಸುಗುಟ್ಟಿದಳು.

"ಬರವಲ್ದು!"

"ಜಲ್ದಿ ಅಳ್ರಿ! ಮಂದಿ ನೋಡಾಕತ್ಯಾರ!"

ಸತ್ತವರನ್ನೆಲ್ಲ ನೆನೆದೆ. ಕಾಲೇಜಿನಲ್ಲಿ ಕೈತಪ್ಪಿದ ಬಡ್ತಿಯನ್ನು ನೆನೆದೆ. ಕಣ್ಣು ಬೇಸಿಗೆಯ ಹಳ್ಳದ ಹಾಗೆ ಒಣಗಿ ಕೂತಿತ್ತು. ದುಃಖ ಬೇಕೆಂದಾಗ ಎಲ್ಲಿಂದ ತರುವುದು ಎಂದು ಶರಣಮ್ಮ ಕೇಳಿದ್ದು ಆಗ ಅರ್ಥವಾಯಿತು.

ಆಗ ಶರಣಮ್ಮ ಮಾತಾಡಿದಳು. ಆ ದಿನದ ಅವಳ ಮೊದಲ ಮಾತು. ಸಿಟ್ಟಿರಲಿಲ್ಲ.

"ಸರ್, ಅಳೂದು ಬೇಕಂತ ಮೊದ್ಲ ಹೇಳಿದ್ರ ನಾನೇ ಅತ್ತು ತೋರಸ್ತಿದ್ನೆಲ್ರಿ. ನಿಮ್ಮ ಸಲುವಾಗಿ, ಅಕ್ಕೋರ ಸಂಘದ ಸಲುವಾಗಿ ಬೋರಮಾಳ ಹಾಕ್ಕೊಂಡೇ ಅಳ್ತಿದ್ದೆ. ನನ್ನ ಮಗನ ಹೆಸರು ಯಾಕ ಕೆಡಿಸಿದ್ರಿ? ಅಂವ ನನಗ ಉಣಿಸಿ ಆಮ್ಯಾಲ ಉಣ್ಣಾಂವ."

ಒನಕೆ ಅರ್ಧಕ್ಕೆ ನಿಂತಿತು. ಏನಾಯಿತೋ ಗೊತ್ತಿಲ್ಲ. ಒಂದು ಕಣ್ಣಿಂದ ಶುರುವಾಯಿತು, ಆಮೇಲೆ ಎರಡೂ. ಮೂಗೂ ಸೇರಿಕೊಂಡಿತು. ಇಷ್ಟು ವಯಸ್ಸಾದ ಮೇಲೆ, ಅಷ್ಟು ಮಂದಿಯ ಮುಂದೆ, ಒರಳ ಮೇಲೆ ಬಗ್ಗಿ ನಾನು ಅತ್ತೆ.

"ಬಂತು ಬಂತು!" ಎಂದು ಯಾರೋ ಕೂಗಿದರು.

ಗಂಡಿನ ಅಜ್ಜಿ ನನ್ನನ್ನು ನೋಡಿದಳು. ಒರಳಿನ ಮೆಣಸಿನಕಾಯಿ ನೋಡಿದಳು. ಹೊಲದಲ್ಲಿ ತಾನೇ ಬೆಳೆದ ಮೆಣಸಿನಕಾಯಿ ಎಷ್ಟು ಖಾರ ಎಂದು ಆಕೆಗೆ ತಿಳಿಯದೆ ಇರುತ್ತದೆಯೇ? "ಹೌದು, ಖಾರ ಅದ. ಖರೇನ ಬಾಳ ಖಾರ ಅದ" ಎಂದು ಮಂಚದಿಂದ ಇಳಿದು ಶರಣಮ್ಮನ ಕೈ ಹಿಡಿದಳು. "ಬೀಗತೀ, ಒಳಗ ಬರ್ರಿ, ಊಟ ಮಾಡೋಣ. ಮಾಳಪ್ಪಾ, ನೀನೂ ಬಾರಪ್ಪಾ." ಶರಣಮ್ಮ ಅಲ್ಲಿಯವರೆಗೂ ಕೈಯಲ್ಲೇ ಇಟ್ಟುಕೊಂಡಿದ್ದ ಬಾಳೆಹಣ್ಣುಗಳನ್ನು ಬೀಗರ ಮನೆಯ ಒಂದು ಕೂಸಿಗೆ ಕೊಟ್ಟು ಒಳಗೆ ಹೋದಳು.

ನಾನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ. ತೋಳಿಗೆ ಖಾರ ಮೆತ್ತಿತ್ತು. ಈಗ ಕಣ್ಣು ನಿಜಕ್ಕೂ ಉರಿಯತೊಡಗಿತು! ಕೆಂಪು ಮುಖ, ಕೆದರಿದ ತಲೆ, ಸುರಿಯುವ ಮೂಗು. ನೋಡಿದವರ ಮನಸ್ಸು ಕರಗುವಂತಿದ್ದೆ.

ಅಂಗಳದಲ್ಲಿದ್ದ ಎಲ್ಲರ ಕೈಯಲ್ಲೂ ಮೊಬೈಲು ಇತ್ತು. ಒಬ್ಬರೂ ನನ್ನ ಫೋಟೊ ತೆಗೆಯಲಿಲ್ಲ. ಯಾರೋ ಒಂದು ತಂಬಿಗೆ ನೀರು ತಂದುಕೊಟ್ಟು ಆ ಕಡೆ ಮುಖ ತಿರುಗಿಸಿ ನಿಂತರು.

ತರಬೇತಿಗೆ ಹೋಗದ ಮಂದಿ, ಪಾಪ!